ಒಂದು ಇಂಚು ಹೆಚ್ಚು

ಕೊಪ್ಪರದ ಗೋದಾಮು ಕುಸಿದ ಮೇಲೆ
ಬಂದರಿನ ನಮ್ಮ ಓಣಿಯ ಆ ಜಾಗದಲ್ಲಿ
ಇಪ್ಪತ್ತೆರಡು ವರ್ಷ ಕೋರ್ಟಿನ ಕೇಸೊಂದೇ ವಾಸವಿತ್ತು.
ಔಡಲ ಗಿಡ, ಲಾರಿಯ ಟಯರು, ಅದರೊಳಗೆ ಕಪ್ಪೆ.
ಮತ್ತೆ ನನ್ನ ಕಿಟಕಿಗೆ, ಅದರಾಚೆಯಿಂದ, ಹೊಳೆಯ ಗಾಳಿ.
ಒಣಮೀನಿನ ವಾಸನೆ ಹೊತ್ತು ಬಂದರೂ
ಗಾಳಿ ಗಾಳಿಯೇ ತಾನೆ.

ಕೇಸು ಮುಗಿಯಿತು. ಪಾಲಿಕೆಯಿಂದ ಬಂದಳು
ಜೂನಿಯರ್ ಇಂಜಿನಿಯರ್, ಕೊಡೆಯಿಲ್ಲದೆ, ಟೇಪು ಹಿಡಿದು.
ಒಂದು ತುದಿ ಹಸನಬ್ಬರ ಗೋಡೆಗೆ,
ಇನ್ನೊಂದು ನನ್ನ ಅಂಗಡಿಯ ಜಗಲಿಗೆ.
"ಸ್ವಲ್ಪ ಹಿಡೀತೀರಾ?" ಹಿಡಿದೆ.
ನಲವತ್ತು ವರ್ಷ ಎದೆ, ಸೊಂಟ, ತೋಳು ಅಳೆದವನು
ನೆಲಕ್ಕೆ ಟೇಪು ಹಿಡಿದದ್ದು ಅದೇ ಮೊದಲು.
ಹನ್ನೊಂದೂವರೆ ಸೆಂಟ್ಸು. ಮೂರು ಮಾಳಿಗೆ. ಹನ್ನೆರಡು ಮನೆ.

"ಇದು ಓಣಿಯೋ ಬಂಗುಡೆ ಪೆಟ್ಟಿಗೆಯೋ ಮಾರಾಯ್ತಿ?"
ಮೋಂತು ಮಾಮ ಕೇಳಿದರು. ಅವಳು ಟೇಪು ಸುತ್ತುತ್ತಾ
"ಪೈಪು ಉಂಟು, ಚರಂಡಿ ಉಂಟು, ಶಾಲೆ ಉಂಟು,
ಎರಡು ನಿಮಿಷಕ್ಕೊಂದು ಬಸ್ಸು ಉಂಟು.
ಕೆಲಸ ಇಲ್ಲಿ ಮಾಡುವವರು ಮಾತ್ರ
ಗುಡ್ಡದಾಚೆ ಯಾಕೆ ಮಲಗಬೇಕು?" ಅಂದಳು.
ನಮ್ಮಲ್ಲಿ ಉತ್ತರ ಇರಲಿಲ್ಲ.
ಆಕ್ಷೇಪಣೆ ಇತ್ತು.

ಅಕ್ಷರ ಚೆಂದ ಅಂತ ನನ್ನ ಕೈಯಲ್ಲೇ ಬರೆಸಿದರು.
ಗಾಳಿ, ಬೆಳಕು, ಅಗ್ನಿಶಾಮಕದ ಗಾಡಿಗೆ ದಾರಿ.
ಸುಳ್ಳು ಒಂದೂ ಇಲ್ಲ.
ಮೊದಲ ಕರಡಿನಲ್ಲಿ ಮಾತ್ರ ಇನ್ನೊಂದು ಸಾಲಿತ್ತು:
"ಎಂಥೆಂಥವರು ಬಂದು ಸೇರುತ್ತಾರೋ."
ಅದು ಬೇಡ, ನೋಡ್ಲಿಕ್ಕೆ ಚೆಂದ ಇಲ್ಲ, ಅಂದರು ಕಿಣಿಯವರು.
ಹಾಳೆಯನ್ನು ನಾಲ್ಕಾಗಿ ಹರಿದು
ಬಟ್ಟೆಯ ಚೂರುಗಳ ಜೊತೆ ಬಕೆಟಿಗೆ ಹಾಕಿದೆ.

ಕಟ್ಟಡ ಎದ್ದಿತು. ಚೀಟಿ ಎತ್ತಿದರು.
ಎರಡನೇ ಮಾಳಿಗೆ, ನನ್ನ ಕಿಟಕಿಗೆ ಎದುರು, ಸೇಸಕ್ಕ.
ಹದಿನಾಲ್ಕು ವರ್ಷ ವಾಮಂಜೂರಿನ ಕಡೆಯಿಂದ
ಕತ್ತಲಲ್ಲೇ ಹಾಲಿನ ಟೆಂಪೋ ಹತ್ತಿ ಬಂದು
ನಮ್ಮ ಓಣಿ ಗುಡಿಸಿದವಳು.
ನಮಗೆ ಅವಳ ಹೆಸರು ಗೊತ್ತಾದದ್ದು ಬಾಗಿಲ ಮೇಲೆ ಓದಿ.
ಅವಳಿಗೆ ನಾವು ಮೊದಲೇ ಗೊತ್ತು:
ಯಾವ ಮನೆಯ ಬಾಟಲಿ ಪೇಪರಿನಲ್ಲಿ ಸುತ್ತಿ ಬರುತ್ತದೆ,
ಯಾರದು ಸಕ್ಕರೆ ಮಾತ್ರೆ, ಯಾರದು ನಿದ್ದೆಯದ್ದು,
ಹಬ್ಬದ ದಿನವೂ ಯಾರಲ್ಲಿ ಒಂದೇ ಬಾಳೆಲೆ.

ಗಾಳಿ ಹೋಯಿತು, ನಿಜ. ಮಧ್ಯಾಹ್ನ ಮೂರಕ್ಕೇ ಟ್ಯೂಬ್‌ಲೈಟು,
ಕರೆಂಟು ಬಿಲ್ಲನ್ನು ಯಾರಿಗೆ ತೋರಿಸಲಿ.
ಬೆಳಿಗ್ಗೆ ನೀರು ಬಿಟ್ಟಾಗ ಹದಿಮೂರು ಮೋಟರಿನ ಜಗಳ.
ಮುಚ್ಚಲಿದ್ದ ಶಾಲೆಯ ಒಂದನೇ ಕ್ಲಾಸಿಗೆ ಏಳು ಮಕ್ಕಳು ಸಿಕ್ಕಿದರು,
ಹಸನಬ್ಬರು ರಾತ್ರಿ ಒಂಬತ್ತಾದರೂ ಶಟರು ಎಳೆಯುವುದಿಲ್ಲ.
ನನಗೆ ಯೂನಿಫಾರ್ಮು: ನೀಲಿ ಲಂಗ, ಗುಂಡಿ ಕಿತ್ತ ಅಂಗಿ,
ದುಡ್ಡು ಒಂದನೇ ತಾರೀಕಿಗೆ.

ಮೊನ್ನೆ ಸೇಸಕ್ಕ ಬಂದಳು, ಹಳದಿ ಹೂವಿನ ಬಟ್ಟೆ ಹಿಡಿದು.
"ಕರ್ಟನ್ ಆಗಬೇಕಿತ್ತು. ನಿಮಗೂ ಮುಜುಗರ, ನಮಗೂ."
ರಸೀದಿ ಬರೆದುಕೊಟ್ಟೆ. ಅದರ ಮೇಲೆ ಕಣ್ಣಾಡಿಸಿ,
"ಅಕ್ಷರ ಚೆಂದ ನಿಮ್ಮದು. ನನ್ನ ಮಗಳು ಆಗಲೇ ಹೇಳಿದ್ದಳು," ಅಂದಳು.
ಆ ಹುಡುಗಿಗೆ ನಾನು ಎಂದೂ
ಒಂದು ರಸೀದಿಯನ್ನೂ ಕೊಟ್ಟವನಲ್ಲ.

ಮಿಷನ್ನಿನ ಚಕ್ರದ ಮೇಲೆ ನನ್ನ ಕೈ ನಿಂತಿತು.
ನಾಲ್ಕು ಚೂರು, ನಾಲ್ಕು ಚೂರನ್ನೂ
ಯಾವ ದೀಪದ ಕೆಳಗೆ ಜೋಡಿಸಿದರೋ.
ಅವಳು ಚಪ್ಪಲಿ ಮೆಟ್ಟುತ್ತಿದ್ದಳು, ಬೇರೇನೂ ಹೇಳಲಿಲ್ಲ.

"ಕಿಟಕಿಯ ಅಳತೆ?" ಕೇಳಿದೆ, ತಲೆ ಎತ್ತದೆ.
"ನೀವು ದಿನಾ ನೋಡ್ತೀರಲ್ಲ."

ನಾಲ್ಕಡಿಗೆ ಮೂರೂವರೆ. ಸರಿಯಾಗಿ ಗೊತ್ತಿತ್ತು.
ಮೊದಲ ಒಗೆತಕ್ಕೆ ಕುಗ್ಗುವ ಬಟ್ಟೆ;
ಮಡಿಕೆಯೊಳಗೆ, ಕಾಣದ ಹಾಗೆ,
ಒಂದು ಇಂಚು ಹೆಚ್ಚು ಬಿಟ್ಟೆ.