ಎಡ ಹುಬ್ಬು

ನನಗೆ ಸಿಕ್ಕಿದ್ದು ಎಡ ಹುಬ್ಬು.
ಕೆಂಪು ಟೇಪು ಸುತ್ತಿದ ನಾನೂರ ಹನ್ನೆರಡು ಗೂಟ,
ಮೊಣಕಾಲುದ್ದ ಕೆಸರು,
ಸೊಂಟದ ಬುಟ್ಟಿಯಲ್ಲಿ ನೇರಳೆ ಎಲೆಯ ಭತ್ತದ ಸಸಿ.
ಬಲ ಹುಬ್ಬು ಅಂಚೆಕಚೇರಿಯ ಸೋಮಾ ಅವರದು,
ಮೂಗು ಶಾಲೆಯ ಮಕ್ಕಳದು,
ತುಟಿ ನೆಟ್ಟವರು ಹಿರೊಸಾಕಿಯಿಂದ ಬಸ್ಸಿನಲ್ಲಿ ಬಂದವರು,
ಸಂಜೆ ಒಂದೊಂದು ಬೂಟು ಕೆಸರಿಗೆ ಕೊಟ್ಟು ಹೋದವರು.

ಮೇ ತಿಂಗಳ ಕೊನೆ.
ಇವಾಕಿ ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮ.
ಗದ್ದೆಯ ನೀರಿಗೆ ಹಲ್ಲಿತ್ತು.

ನಕಾಶೆ ಬರೆದವನು ಭೂಮಾಪನ ಇಲಾಖೆಯ ನರಿತಾ ಕ್ಯೂಜೋ.
ಅವನ ಕಾಗದದ ಮೇಲೆ ಆ ಹೆಂಗಸಿಗೆ
ಕುದುರೆಯಷ್ಟು ಉದ್ದ ಹಣೆ, ಗಲ್ಲವೇ ಇಲ್ಲ.
ಇದೇನು ಮಾರಾಯ ಎಂದರೆ,
ಗೋಪುರದಿಂದ ನೋಡು, ಸರಿಹೋಗುತ್ತಾಳೆ ಎಂದ.
ದೂರದ್ದನ್ನು ಹಿಗ್ಗಿಸಬೇಕು, ಹತ್ತಿರದ್ದನ್ನು ಒತ್ತಬೇಕು,
ಇಲ್ಲದಿದ್ದರೆ ಕಣ್ಣು ನಂಬುವುದಿಲ್ಲ.
ಯಾರ ಮುಖ ಇದು ಎಂದು ಕೇಳಿದೆ.
ಅವನು ಗೂಟ ಎಣಿಸತೊಡಗಿದ.

ಬದುವಿನ ಮೇಲೆ ಕೂತಿದ್ದ ತೊಕುಗೊರೊ,
ಮೊದಲು ಆ ಗದ್ದೆ ಉತ್ತವನು,
ಹೊಟ್ಟೆಗೆ ಹೋಗಬೇಕಾದ್ದು ಜುಟ್ಟಿಗೆ ಹೋಯಿತು ಎಂದು
ಮೂಗು ಮುರಿದ.
ಅವನೆದುರೇ ಮಕ್ಕಳು ಮೂಗು ನೆಡುತ್ತಿದ್ದರು.

ಜೂನ್ ಪೂರ್ತಿ ಏನೂ ಇಲ್ಲ. ನೀರು, ಮೋಡ,
ನೀರಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಸಿ.
ಜುಲೈನಲ್ಲಿ ಬಣ್ಣ ಬಂತಂತೆ.
ಬಂತಂತೆ ಎನ್ನುತ್ತೇನೆ, ಯಾಕೆಂದರೆ
ಹುಬ್ಬಿನೊಳಗೆ ನಿಂತವಳಿಗೆ ಹುಬ್ಬು ಕಾಣುವುದಿಲ್ಲ.
ಎಲೆ ಕಾಣುತ್ತದೆ, ಕಪ್ಪೆ ಕಾಣುತ್ತದೆ,
ಅವಳ ಕಣ್ಣಿನಲ್ಲಿ ಒಂಟಿಕಾಲಿನ ಕೊಕ್ಕರೆ ಕಾಣುತ್ತದೆ.
ವಾರಕ್ಕೆರಡು ಸಲ ಕಳೆ ಕೀಳುತ್ತಿದ್ದೆ.
ನೇರಳೆಯ ನಡುವೆ ಒಂದು ಹಸಿರು ಪೈರು ಎದ್ದರೆ
ಅದೂ ಕಳೆ.
ನಾವು ಉಣ್ಣುವ ಭತ್ತ ಅದು,
ಅಜ್ಜಂದಿರು ದೇವರ ಮುಂದಿಟ್ಟ ಭತ್ತ.
ಕಿತ್ತೆ. ಕೈ ಸ್ವಲ್ಪ ತಡೆಯಿತು. ಕಿತ್ತೆ.

ಆಗಸ್ಟಿನಲ್ಲಿ ಮುನ್ನೂರು ಯೆನ್ ಕೊಟ್ಟು
ನಾನೂ ಗೋಪುರ ಹತ್ತಿದೆ, ಸಾಲಿನಲ್ಲಿ ನಿಂತು.
ಕಟಾಂಜನದ ಬಳಿ ಅರ್ಧ ನಿಮಿಷ,
ಆಮೇಲೆ ಹಿಂದಿನವರು ಮೊಣಕೈಯಲ್ಲಿ ತಿವಿಯುತ್ತಾರೆ.
ಅವಳು ಸರಿಹೋಗಿದ್ದಳು.
ಹಣೆ ಹಣೆಯಷ್ಟೇ, ಗಲ್ಲಕ್ಕೊಂದು ಗುಳಿ.
ಎಲ್ಲರೂ ಅಬ್ಬಾ ಎಂದರು.
ನಾನು ಹುಬ್ಬು ಹುಡುಕಿದೆ.
ನನ್ನ ಕಿರುಬೆರಳಿಗಿಂತ ಸಣ್ಣದು,
ಅದರ ತುದಿಯಲ್ಲಿ ಒಂದು ಬುಡ ತಪ್ಪಿಹೋಗಿ
ಸೂಜಿಮೊನೆಯಷ್ಟು ಖಾಲಿ.
ಬೇರೆ ಯಾರಿಗೂ ಕಾಣದು.
ಅವಳು ನಮ್ಮ ಕಡೆ ನೋಡುತ್ತಿರಲಿಲ್ಲ,
ಪೆಟ್ರೋಲ್ ಬಂಕಿನಾಚೆ ಎಲ್ಲೋ ನೋಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ತೆನೆ ತೂಗಿತು.
ಮೊದಲು ಕೂದಲಿಗೆ ತುಕ್ಕು ಹಿಡಿಯಿತು,
ಆಮೇಲೆ ಕೆನ್ನೆ ಬೂದಿಯಾಯಿತು,
ತುಟಿ ಕೊನೆಯವರೆಗೂ ಹಟ ಮಾಡಿತು.
ಬಸ್ಸುಗಳು ನಿಂತವು.

ಅಕ್ಟೋಬರಿನಲ್ಲಿ ಕುಡುಗೋಲು.
ಬೀಜ ಬೆರೆಯಬಾರದೆಂದು ಬಣ್ಣಗಳನ್ನು ಮೊದಲು ಕೊಯ್ದೆವು.
ಬಿಳಿ ಎಲೆಯದರಲ್ಲಿ ಬರೀ ಜೊಳ್ಳು.
ಕೆನ್ನೆ ದನದ ಕೊಟ್ಟಿಗೆಗೆ,
ಹುಬ್ಬು ಹೊಸವರ್ಷದ ಹಗ್ಗಕ್ಕೆ.
ಕೊನೆಗೆ ಯಂತ್ರ ಇಳಿದು ಉಳಿದ ಹಸಿರನ್ನು ಕೊಯ್ದಿತು.
ಹೊಸ ಅಕ್ಕಿ ಮನೆಗೆ ಬಂದಾಗ ಹೊಳೆಯಿತು:
ನಮ್ಮ ಬಟ್ಟಲಲ್ಲಿ ಹಬೆಯಾಡುತ್ತಿದ್ದುದು
ಅವಳಲ್ಲ,
ಅವಳ ಸುತ್ತ ಇದ್ದ ಖಾಲಿ.
ತೊಕುಗೊರೊ ಎರಡು ಬಟ್ಟಲು ಉಂಡ, ಮಾತಾಡಲಿಲ್ಲ.

ನವೆಂಬರಿನ ಒಂದು ಸಂಜೆ ಕ್ಯೂಜೋ ಬಂದ,
ಗೂಟಗಳ ಲೆಕ್ಕ ಹಿಡಿದು.
ನಾನೂರ ಹನ್ನೊಂದಿದೆ, ಒಂದು ಕಡಿಮೆ ಎಂದ.
ಬಿಡು, ಬಿದಿರಿನ ಕಡ್ಡಿ ಎಂದೆ.
ಕೇಳಲಿಲ್ಲ. ಟಾರ್ಚು ಹಿಡಿದು ಕೂಳೆಗಳ ನಡುವೆ ಇಳಿದ.
ಹಿಮ ಆಗಷ್ಟೇ ಶುರುವಾಗಿತ್ತು.
ಬದುವೂ ಇಲ್ಲ, ಗುರುತೂ ಇಲ್ಲ,
ಆದರೂ ಅವನು ತಡವರಿಸದೆ
ಹಣೆಯನ್ನು ಬಳಸಿಕೊಂಡು ಹೋದ,
ತುಳಿಯದೆ.