ಎರಡು ಮಚ್ಚೆ

ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ಪ್ಯಾಸ್ಕೋ,
ಯಾವ ಕಾಡಿನ ಆನೆಯದೋ ಆ ದಂತದ ಬಿಲ್ಲೆ.
ಫಾಲ್ಮತ್ ಬಂದರಿನ ಗಡಿಯಾರದಂಗಡಿಯ ಮಹಡಿಯಲ್ಲಿ
ಕಿಟಕಿಗೆ ಕನ್ನಡಿ ಆನಿಸಿ
ಉಸಿರು ಬಿಗಿಹಿಡಿದು ಬರೆದೆ.
ಅಳಿಲ ಬಾಲದ ಕುಂಚ. ಕಣ್ಣಿಗೆ ಒಂದೇ ಕೂದಲು ಸಾಕು,
ತುಟಿಗೆ ಎರಡು ಬೇಕಾಯಿತು.

ಊರ ಹೆಂಗಸರ ಮೂಗು ತಿದ್ದಿ ಕಾಸು ಎಣಿಸುವವಳು
ನನ್ನದನ್ನು ಮಾತ್ರ ತಿದ್ದಲಿಲ್ಲ, ನೋಡಿದೆಯಾ?

ಹಡಗು ಬಿಡುವ ಸಂಜೆ
ಅಂಗೈಯಲ್ಲಿಟ್ಟುಕೊಂಡು ನೀನು ನಕ್ಕೆ:
"ಮಚ್ಚೆ ತಪ್ಪಿದೆ, ಟ್ಯಾಮ್ಸಿನ್, ಅದು ಎಡಗೆನ್ನೆಯದು."
ಕನ್ನಡಿ ಹೇಳಿದ್ದನ್ನೇ ಬರೆದೆ, ಅಂದೆ ನಾನು.
ನೀನು ನಿಂತು ನೋಡುವ ಕಡೆ
ನಾನೆಂದು ನಿಂತವಳು?
ಜಗಳಕ್ಕೆ ಹೊತ್ತಿರಲಿಲ್ಲ. ಇಳಿತ ಶುರುವಾಗಿತ್ತು.

ಮೂರು ವರ್ಷದ ಮೇಲೆ, ಯಾರದೋ ಕೈಯಲ್ಲಿ,
ಈ ತಂಬಾಕಿನ ಡಬ್ಬಿ.
ಒಂದು ದಬ್ಬಳ, ಮೇಣದ ಉಂಡೆ, ಒಂಟಿ ಕಾಲುಚೀಲ,
ಎಲ್ಲದರಡಿ ನಾನು.
ಬಣ್ಣ ಮಾಸಿಲ್ಲ, ಕತ್ತಲಲ್ಲೇ ಇದ್ದೆನಲ್ಲ.
ಬಲಗೆನ್ನೆಯ ಮಚ್ಚೆ ನಾನಿಟ್ಟಲ್ಲೇ ಇದೆ,
ಅಳಿಸಿಲ್ಲ ನೀನು.
ಎಡಗೆನ್ನೆಯಲ್ಲೊಂದು ಹೊಸತು:
ಹಾಯಿ ಹೊಲಿವ ಮೊನೆಯಿಂದ ಇಟ್ಟ
ಡಾಂಬರಿನ ಚುಕ್ಕಿ.
ಅಲೆಗೆ ಕೈ ಅಲುಗಿರಬೇಕು, ಬಟಾಣಿಯಷ್ಟಲ್ಲದಿದ್ದರೂ
ಸಾಸಿವೆಗಿಂತ ದೊಡ್ಡದು.

"ಛೆ, ಕಲೆ ಬಿದ್ದಿದೆ, ಟರ್ಪೆಂಟೈನ್ ಕೊಡಲೇ?"
ಗಡಿಯಾರದವನ ಹೆಂಡತಿ ಮೆಟ್ಟಿಲಲ್ಲಿ ನಿಂತು ಕೇಳಿದಳು.
ಬೇಡ, ಅಂದೆ.
ಅವಳು ಇಳಿದು ಹೋದ ಮೇಲೆ
ನಿನ್ನ ದಬ್ಬಳಕ್ಕೆ ನೂಲು ಪೋಣಿಸಿ
ಕಾಲುಚೀಲದ ತೂತು ಹೊಲಿಯಕೂತೆ.
ದಪ್ಪ ಸೂಜಿ. ಒಂದು ತೂತು ಮುಚ್ಚುವಷ್ಟರಲ್ಲಿ
ಎರಡಾಯಿತು.