ಹದಿನೇಳು ಅಕ್ಷರ

ಮಾಂಟ್ರಿಯಲ್ ಬಂದರು. ಮೈನಸ್ ಹತ್ತೊಂಬತ್ತು.
ಕಾಗದದ ಪ್ರಕಾರ ಒಳಗಿರುವುದು ಹಳೆಯ ಹಾಸಿಗೆ, ನಲವತ್ತು.
ಒದೀಲ್ ಬೀಗ ಕತ್ತರಿಸುತ್ತಾಳೆ,
ಮೂಗಿನ ತುದಿಯಲ್ಲೊಂದು ಹನಿ.

ನಾನು ವಿಮೆ ಕಂಪನಿಯವನು.
ಸುಂಕದವರ ಮುಂದೆ ಸುಖದುಃಖ ಯಾಕೆಂದು
ಹತ್ತು ವರ್ಷ ನನ್ನ ಪಟ್ಟಿ ನನ್ನ ಡ್ರಾಯರಿನಲ್ಲಿ,
ಅವಳದು ಅವಳದರಲ್ಲಿ.
ನಡುವೆ ಬೆರಳು ತೂರದ ಸಂದಿ;
ಅದರಲ್ಲೇ ನುಸುಳಿ ಹೋದವು
ಸಾಲು ಸಾಲು ಕಾರು, ದೀಪ ಆರಿಸಿಕೊಂಡು.

ಈಗ ಅವಳು ಟಾರ್ಚು ಹಿಡಿಯುತ್ತಾಳೆ, ನಾನು ಓದುತ್ತೇನೆ
ಗಾಜಿನಡಿಯ ಹದಿನೇಳು ಅಕ್ಷರ.
ಒಂದೊಂದಕ್ಕೂ ಹೂಂ ಅನ್ನುತ್ತಾಳೆ,
ಕತೆ ಕೇಳುವವರ ಹಾಗೆ.
ಹದಿನಾರಕ್ಕೆ ಹೂಂ ಇಲ್ಲ.
ಕೈಗವಸು ಬಿಚ್ಚಿ ಮಂಜು ಒರೆಸಿದಳು:
ಮೂರಲ್ಲ, ಎಂಟು.
ಹೂಂ.

ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ,
ಅರ್ಧ ಕಚ್ಚಿದ ಬಿಸ್ಕತ್ತು.
ಲಾವಾಲಿನ ಪಿಲೋನ್ ಮನೆಯವರಿಗೆ ಚೆಕ್ಕು ಕಳಿಸಿ
ಮಂಗಳವಾರವೇ ಫೈಲು ಮುಚ್ಚಿದ್ದೆ.
ಬಿಸ್ಕತ್ತಿಗೆ ಅದರಲ್ಲಿ ಕಾಲಂ ಇರಲಿಲ್ಲ.

‘ದುಡ್ಡು ಕೊಟ್ಟಾಯಿತಲ್ಲ, ಇನ್ನು ಕಾರು ನಿಮ್ಮದೇ,’
ಅಂದಳು ಒದೀಲ್. ‘ಸಹಿ ಹಾಕಿ.’
ನನ್ನ ಪೆನ್ನಿನ ಮಸಿ ಹೆಪ್ಪುಗಟ್ಟಿತ್ತು.
ಕಂಕುಳಲ್ಲಿ ಬೆಚ್ಚಗಿಟ್ಟಿದ್ದ
ಸರ್ಕಾರಿ ಪೆನ್ನು ಚಾಚಿದಳು.

ಪಕ್ಕದ ಪೆಟ್ಟಿಗೆಯ ಕಾಗದದಲ್ಲೂ
ಹಾಸಿಗೆ ಅಂತಲೇ ಬರೆದಿತ್ತು.